ಸಂಸಾರಕ್ಕೊಂದು ರಹದಾರಿ

(ಅಂತಿಮ ಬಿ.ಎ. ತರಗತಿಯ ವಿದ್ಯಾರ್ಥಿನಿ, ಬೇವೂರು)

ನಮ್ಮ ಯಲಬುರ್ಗಾ ಸೀಮೆಯವರಿಗೆ ‘ಗುಳೆ’ ಎಂಬ ಮಾತಿನ ಅರ್ಥವನ್ನು ನಿಘಂಟಿನಲ್ಲಿ ಹುಡುಕಬೇಕಾದ ಪ್ರಸಂಗವೇ ಇಲ್ಲ. ಮಳೆ ತಪ್ಪಿದ ವರ್ಷ, ಹಿಂಗಾರಿಯೂ ಕೈಗೆ ಹತ್ತುವುದಿಲ್ಲವೆಂದು ಖಾತ್ರಿಯಾದ ಮೇಲೆ, ಗಂಡ ಹೆಂಡತಿ ಮಕ್ಕಳೆಲ್ಲರೂ ಗಂಟುಮೂಟೆ ಕಟ್ಟಿಕೊಂಡು, ಮನೆಗೆ ಕೀಲಿ ಹಾಕಿ, ಬೆಂಗಳೂರು, ಮಂಗಳೂರು, ಗೋವೆಗಳ ದಾರಿ ಹಿಡಿಯುವುದು ನಾವೆಲ್ಲ ಕಂಡ ಸಂಗತಿ. ಅಲ್ಲಿ ಅವರು ಪಡುವ ಕಷ್ಟ ಅಷ್ಟಿಷ್ಟಲ್ಲ. ತಗಡಿನ ಗುಡಿಸಲು, ಹೊತ್ತುಗೊತ್ತಿಲ್ಲದ ದುಡಿತ, ಶಾಲೆ ತಪ್ಪಿದ ಮಕ್ಕಳು. ಆದರೂ ಸಂಜೆಯಾದ ಮೇಲೆ ಒಂದೇ ಒಲೆಯ ಮುಂದೆ ಕುಳಿತು ಎಲ್ಲರೂ ರೊಟ್ಟಿ ಮುರಿಯುತ್ತಾರೆ. ಆ ಒಂದು ಸಮಾಧಾನವನ್ನು ಅವರಿಂದ ಯಾರೂ ಕಸಿದುಕೊಂಡಿಲ್ಲ.

ಈಚೆಗೆ ಕೆಲವು ವರ್ಷಗಳಿಂದ ನಮ್ಮ ಕಡೆಯ ಊರುಗಳಿಗೆ ಇನ್ನೊಂದು ಬಗೆಯ ಗುಳೆ ಬಂದಿದೆ. ಕುವೈತ್, ಸೌದಿ ಅರೇಬಿಯ, ದುಬೈ ಮುಂತಾದ ಕೊಲ್ಲಿ ಪ್ರಾಂತ್ಯಗಳಿಗೆ ದುಡಿಯಲು ಹೋಗುವುದು ಕರಾವಳಿಯವರಿಗೆ ಹಳೆಯ ರೂಢಿ. ಮಂಗಳೂರು, ಉಡುಪಿ, ಭಟ್ಕಳಗಳಲ್ಲಿ ಕೊಲ್ಲಿಯ ನಂಟು ತಲೆಮಾರುಗಳಿಂದ ಬಂದುದು. ಬಯಲುಸೀಮೆಯ ನಮಗೆ ಅದು ಹೊಸದು. ಈ ಗುಳೆಯಲ್ಲಿ ಕೂಲಿ ಹೆಚ್ಚು. ಆದರೆ ಹೋಗುವವನು ಒಬ್ಬನೇ. ಹೆಂಡತಿ ಮಕ್ಕಳು ಊರಲ್ಲಿಯೇ ಉಳಿಯುತ್ತಾರೆ. ಕಡುಬಡವನ ಗುಳೆಗೆ ಸಂಸಾರ ಕೂಡಿಕೊಂಡು ಹೊರಡುತ್ತದೆ. ಅದಕ್ಕಿಂತ ಒಂದು ಮೆಟ್ಟಿಲು ಮೇಲಾದ ಈ ಗುಳೆಗೆ ಸಂಸಾರ ಎರಡಾಗುತ್ತದೆ. ಇದಕ್ಕೆ ಕಾರಣವೇನು, ಇದು ನ್ಯಾಯವೇ, ಎಂಬುದನ್ನು ವಿಚಾರ ಮಾಡುವುದೇ ಈ ಲೇಖನದ ಉದ್ದೇಶ.

ಈ ವಿಷಯ ನನ್ನ ಗಮನಕ್ಕೆ ಬಂದುದು ಪುಸ್ತಕಗಳಿಂದಲ್ಲ. ನಮ್ಮ ಮನೆತನದಲ್ಲಿ ಕಾಲೇಜಿನ ಮೆಟ್ಟಿಲು ಹತ್ತಿದವಳು ನಾನೇ ಮೊದಲಿಗಳಾದುದರಿಂದ, ಓಣಿಯವರ ಅರ್ಜಿಗಳನ್ನು ಓದಿ ಹೇಳುವ, ತುಂಬಿ ಕೊಡುವ ಕೆಲಸ ತಾನಾಗಿಯೇ ನನ್ನ ಪಾಲಿಗೆ ಬಂದಿದೆ. ನಮ್ಮ ಓಣಿಯ ಒಬ್ಬರು ಕುವೈತಿನಲ್ಲಿ ವಾಹನ ಚಾಲಕರು. ಎರಡು ವರ್ಷಕ್ಕೊಮ್ಮೆ ಎರಡು ತಿಂಗಳ ರಜೆ. ಲಗ್ನವಾಗಿ ಹನ್ನೆರಡು ವರ್ಷವಾಯಿತು. ಲೆಕ್ಕ ಹಾಕಿದರೆ ಗಂಡಹೆಂಡಿರು ಕೂಡಿ ಬಾಳಿದ್ದು ಹನ್ನೆರಡೇ ತಿಂಗಳು. ಆ ಅಕ್ಕ ಒಂದು ದಿನ ಬಂದು, “ಯವ್ವಾ, ನೀ ಕಾಲೇಜು ಕಲಿತಾಕಿ, ನಾನೂ ಮಕ್ಕಳೂ ಅಲ್ಲಿಗೆ ಹೋಗಿ ಇರಾಕ ಆಕ್ಕೈತೇನು, ನೋಡಿ ಹೇಳವಾ” ಎಂದು ಕೇಳಿದಳು. ನಾನು ನಿಯಮವನ್ನು ಹುಡುಕಿ ಓದಿ ಹೇಳಿದೆ. ಕುವೈತ್ ಸರ್ಕಾರ 2024ರ ಜನವರಿಯಲ್ಲಿ ಕುಟುಂಬ ವೀಸಾಗಳನ್ನು ಮತ್ತೆ ಕೊಡಲು ಆರಂಭಿಸಿದಾಗ, ತಿಂಗಳಿಗೆ 800 ದಿನಾರ್ ಸಂಬಳವಿದ್ದವರು ಮಾತ್ರ ಹೆಂಡತಿ ಮಕ್ಕಳನ್ನು ಕರೆಸಿಕೊಳ್ಳಬಹುದೆಂದು ಗೊತ್ತುಪಡಿಸಿತು. ನಮ್ಮ ಹಣದಲ್ಲಿ ಅದು ಎರಡು ಲಕ್ಷ ರೂಪಾಯಿಗೂ ಮಿಕ್ಕುತ್ತದೆ. ಚಾಲಕರ ಸಂಬಳ ಅದರ ಕಾಲು ಭಾಗವೂ ಇಲ್ಲ. ಆಕೆ ಸ್ವಲ್ಪ ಹೊತ್ತು ಸುಮ್ಮನಿದ್ದು, “ಹಂಗಾರ ಹೆಂಡರು ಮಕ್ಕಳು ಅನ್ನೋದು ಸಾವ್ಕಾರರಿಗೆ ಅಷ್ಟ ಏನವಾ?” ಎಂದಳು. ಈ ಪ್ರಶ್ನೆಗೆ ನನ್ನ ಪಠ್ಯಪುಸ್ತಕಗಳಲ್ಲಿ ಉತ್ತರವಿರಲಿಲ್ಲ.

ಇದು ಒಂದು ದೇಶದ ಮಾತಲ್ಲ. ಸಂಯುಕ್ತ ಅರಬ್ ಎಮಿರೇಟ್ಸ್ 2019ರಲ್ಲಿ ತನ್ನ ನಿಯಮವನ್ನು ಬದಲಿಸಿ, ಯಾವ ಉದ್ಯೋಗವೆಂಬುದನ್ನು ನೋಡದೆ, 4,000 ದಿರ್ಹಾಂ ಸಂಬಳ, ಅಥವಾ 3,000 ದಿರ್ಹಾಂ ಮತ್ತು ವಾಸದ ಮನೆ ಇದ್ದವರು ಸಂಸಾರವನ್ನು ತರಬಹುದೆಂದಿತು. ಸೌದಿ ಅರೇಬಿಯ 2017ರ ಜುಲೈಯಿಂದ ಪರದೇಶದ ನೌಕರನ ಕುಟುಂಬದ ಪ್ರತಿಯೊಬ್ಬರ ತಲೆಗೆ ತಿಂಗಳಿಗೆ 100 ರಿಯಾಲ್ ಶುಲ್ಕ ಹಾಕಿ, ಅದನ್ನು ವರ್ಷ ವರ್ಷವೂ ಏರಿಸುತ್ತ 2020ರ ಹೊತ್ತಿಗೆ 400 ರಿಯಾಲಿಗೆ ತಂದಿತು. ಹೆಂಡತಿ ಮತ್ತು ಮೂವರು ಮಕ್ಕಳಿದ್ದವನು ಬರೀ ಅವರ ಇರವಿಗಾಗಿ ತಿಂಗಳಿಗೆ 1,600 ರಿಯಾಲ್ ತೆರಬೇಕಾಯಿತು. ಅನೇಕರು ಸಂಸಾರವನ್ನು ಊರಿಗೆ ಕಳಿಸಿ ಒಂಟಿಯಾಗಿ ಉಳಿದರು. ಪ್ರಜಾಪ್ರಭುತ್ವದ ತವರೆನಿಸಿದ ಬ್ರಿಟನ್ನಿನಲ್ಲಿಯೂ ಇದೇ ಕ್ರಮ. ಅಲ್ಲಿ 2012ರಲ್ಲಿ ಗಂಡನನ್ನೋ ಹೆಂಡತಿಯನ್ನೋ ಕರೆಸಿಕೊಳ್ಳುವವರ ವಾರ್ಷಿಕ ವರಮಾನ 18,600 ಪೌಂಡಿಗೆ ಕಡಿಮೆ ಇರಕೂಡದೆಂದು ವಿಧಿಸಿ, 2024ರ ಏಪ್ರಿಲ್‌ನಲ್ಲಿ ಅದನ್ನು 29,000 ಪೌಂಡಿಗೆ ಏರಿಸಿದರು. ಇಂಥ ನಿಯಮ ಕಾನೂನಿಗೆ ವಿರುದ್ಧವಲ್ಲವೆಂದು ಅಲ್ಲಿಯ ಸರ್ವೋಚ್ಚ ನ್ಯಾಯಾಲಯ 2017ರಲ್ಲಿ ಹೇಳಿತು. ಆದರೆ ಮಕ್ಕಳ ಹಿತವನ್ನು ಸಾಕಷ್ಟು ಗಣಿಸಿಲ್ಲವೆಂದೂ ಅದೇ ತೀರ್ಪಿನಲ್ಲಿ ಎಚ್ಚರಿಸಿತು. ಹೀಗೆ ಹಲವು ಕಡೆ ಸಂಬಳವೇ ಸಂಸಾರದ ಅಳತೆಗೋಲಾಗಿದೆ.

ಈ ಕಟ್ಟುಕಟ್ಟಳೆಗಳು ಸೃಷ್ಟಿಯ ಆದಿಯಿಂದ ಬಂದವೆಂದು ಯಾರೂ ಭಾವಿಸಬಾರದು. ನಮ್ಮ ದೇಶದೊಳಗೆ ಬರುವವರಿಗೆ ರಹದಾರಿ ಕಡ್ಡಾಯವೆಂದು ವಿಧಿಸುವ ಕಾಯ್ದೆ ಆದುದೇ 1920ರಲ್ಲಿ. ಅದಕ್ಕೂ ಮೊದಲು ಬಿಳಿಯರ ವಸಾಹತುಗಳು ಭಾರತೀಯರನ್ನು ಬೇರೆ ಉಪಾಯಗಳಿಂದ ತಡೆಯುತ್ತಿದ್ದವು. ಕೆನಡ 1908ರಲ್ಲಿ ಒಂದು ಜಾಣ್ಮೆಯ ನಿಯಮ ಮಾಡಿತು: ಹುಟ್ಟಿದ ದೇಶದಿಂದ ಎಲ್ಲಿಯೂ ಹಡಗು ಬದಲಿಸದೆ ನೇರವಾಗಿ ಬಂದವರಿಗೆ ಮಾತ್ರ ಪ್ರವೇಶ. ಭಾರತದಿಂದ ಅಲ್ಲಿಗೆ ಅಂಥ ನೇರ ಹಡಗೇ ಇರಲಿಲ್ಲ! ಮೊದಲೇ ಅಲ್ಲಿ ನೆಲೆಸಿದ್ದ ಪಂಜಾಬಿನ ರೈತರ ಹೆಂಡಿರು ಮಕ್ಕಳು ಇದರಿಂದಾಗಿ ಈಚೆಯ ದಡದಲ್ಲಿಯೇ ಉಳಿದರು. 1912ರಲ್ಲಿ ವ್ಯಾಂಕೂವರಿಗೆ ಬಂದ ಇಬ್ಬರು ಸಿಖ್ ಸ್ತ್ರೀಯರನ್ನು ಹಿಂದಕ್ಕೆ ಅಟ್ಟಲು ಹೊರಟು, ದೊಡ್ಡ ಕೂಗೆದ್ದ ಮೇಲೆ, ‘ಕೃಪೆಯಿಂದ’ ಇರಗೊಟ್ಟರು. ಹೆಂಡತಿ ಮತ್ತು ಅಪ್ರಾಪ್ತ ಮಕ್ಕಳು ಬರಬಹುದೆಂಬ ಅಪ್ಪಣೆ ಹೊರಟುದು 1919ರಲ್ಲಿ. ‘ಕೃಪೆ’ ಎಂಬ ಮಾತನ್ನು ವಾಚಕರು ಗಮನಿಸಬೇಕು. ಗಂಡಹೆಂಡಿರು ಕೂಡಿರುವುದು ಅವರ ಹಕ್ಕಲ್ಲ, ಸರ್ಕಾರದ ಔದಾರ್ಯ, ಎಂಬ ಭಾವನೆಗೆ ಕನಿಷ್ಠ ನೂರು ವರ್ಷದ ಇತಿಹಾಸವಿದೆ.

ಈ ಭಾವನೆಯನ್ನು ಎದುರಿಸಿದ ಇತಿಹಾಸವೂ ಅಷ್ಟೇ ಹಳೆಯದು. ದಕ್ಷಿಣ ಆಫ್ರಿಕದ ಸತ್ಯಾಗ್ರಹವನ್ನು ನಾವು ತರಗತಿಯಲ್ಲಿ ಓದುವಾಗ ಮೂರು ಪೌಂಡಿನ ತೆರಿಗೆಯನ್ನು ನೆನಪಿಡುತ್ತೇವೆ. ಅದರ ಇನ್ನೊಂದು ಕಾರಣವನ್ನು ಮರೆಯುತ್ತೇವೆ. 1913ರ ಮಾರ್ಚ್ 14ರಂದು ಕೇಪ್ ಪ್ರಾಂತ್ಯದ ಸರ್ವೋಚ್ಚ ನ್ಯಾಯಾಲಯದಲ್ಲಿ ನ್ಯಾಯಮೂರ್ತಿ ಸರ್ಲ್ ಎಂಬವರು ಒಂದು ತೀರ್ಪು ಕೊಟ್ಟರು. ಅಲ್ಲಿ ನೆಲೆಸಿದ್ದ ಒಬ್ಬ ಭಾರತೀಯ ಮುಸಲ್ಮಾನನ ಹೆಂಡತಿ ಗಂಡನನ್ನು ಕೂಡಿಕೊಳ್ಳಲು ಬಂದಾಗ, ಬಹುಪತ್ನೀತ್ವವನ್ನು ಒಪ್ಪುವ ಧರ್ಮದ ವಿಧಿಯಂತೆ ಆದ ವಿವಾಹ ಅಲ್ಲಿಯ ಕಾನೂನಿನ ಕಣ್ಣಿಗೆ ವಿವಾಹವೇ ಅಲ್ಲವೆಂದು ಹೇಳಿ, ಆಕೆಗೆ ಪ್ರವೇಶವನ್ನು ನಿರಾಕರಿಸಿದರು. ಆ ಒಂದು ವಾಕ್ಯದಿಂದ ಅಲ್ಲಿದ್ದ ಹಿಂದೂ, ಮುಸಲ್ಮಾನ, ಪಾರ್ಸಿ ಗೃಹಿಣಿಯರೆಲ್ಲರ ಪತ್ನೀಪದವಿಯೇ ಸಂದೇಹಕ್ಕೊಳಗಾಯಿತು. ಗಾಂಧೀಜಿಯವರು ಈ ಅವಮಾನವನ್ನು ಹೆಂಗಸರ ಮುಂದಿಟ್ಟರು. ಅದುವರೆಗೆ ಸತ್ಯಾಗ್ರಹದಿಂದ ಹೊರಗಿದ್ದ ಹೆಂಗಸರು ಒಳಕ್ಕೆ ಬಂದರು. ಆ ವರ್ಷದ ಸೆಪ್ಟೆಂಬರಿನಲ್ಲಿ ಕಸ್ತೂರಬಾ ಅವರು ಗಡಿ ದಾಟಿ ಸೆರೆಯಾಗಿ ಮೂರು ತಿಂಗಳ ಕಠಿಣ ಶಿಕ್ಷೆ ಅನುಭವಿಸಿದರು. ವಳ್ಳಿಯಮ್ಮ ಎಂಬ ಹದಿನಾರರ ತಮಿಳು ಹುಡುಗಿ ಸೆರೆಮನೆಯಿಂದ ಜ್ವರ ಹೊತ್ತು ಹೊರಬಂದು 1914ರ ಫೆಬ್ರವರಿಯಲ್ಲಿ ತೀರಿಕೊಂಡಳು. ಅದೇ ವರ್ಷದ ಪರಿಹಾರ ಕಾಯ್ದೆಯಲ್ಲಿ ಭಾರತೀಯರ ವಿವಾಹಗಳಿಗೆ ಮಾನ್ಯತೆ ಸಿಕ್ಕಿತು. ಗಂಡನನ್ನು ಕೂಡಿಕೊಳ್ಳುವ ಒಬ್ಬ ಹೆಣ್ಣುಮಗಳ ಅರ್ಜಿ ಇಷ್ಟು ದೊಡ್ಡ ಹೋರಾಟಕ್ಕೆ ಕಾರಣವಾಯಿತೆಂಬುದನ್ನು ನಾವು, ಅದರಲ್ಲಿಯೂ ವಿದ್ಯಾರ್ಥಿನಿಯರು, ಮರೆಯತಕ್ಕದ್ದಲ್ಲ.

ಆ ಬಳಿಕ ಕಾಲ ಬದಲಾಯಿತು. ಸಂಶಯ ಮಾತ್ರ ಬದಲಾಗಲಿಲ್ಲ. 1979ರ ಜನವರಿಯಲ್ಲಿ ಲಂಡನ್ನಿನ ಹೀಥ್ರೋ ವಿಮಾನ ನಿಲ್ದಾಣದಲ್ಲಿ, ಮದುವೆಯಾಗಲೆಂದು ಬಂದ ಭಾರತದ ಒಬ್ಬ ಶಿಕ್ಷಕಿಯನ್ನು ‘ಕನ್ಯೆ ಹೌದೋ ಅಲ್ಲವೋ’ ಎಂದು ದೈಹಿಕ ಪರೀಕ್ಷೆಗೆ ಗುರಿಪಡಿಸಿದರು. ಪತ್ರಿಕೆಗಳಲ್ಲಿ ಅದು ಬಯಲಾದ ಮೇಲೆ ಆ ಹೇಯ ಪದ್ಧತಿ ನಿಂತಿತು. 1985ರಲ್ಲಿ ಇನ್ನೊಂದು ಪ್ರಸಂಗ. ಘಾನಾ ದೇಶದಿಂದ ಬ್ರಿಟನ್ನಿಗೆ ಮರಳಿದ ಒಬ್ಬ ಬಾಲಕ ತನ್ನ ತಾಯಿಯ ಮಗನೇ ಹೌದೆಂಬುದನ್ನು ಅಧಿಕಾರಿಗಳು ನಂಬಲಿಲ್ಲ. ಆಗ ಅಲೆಕ್ ಜೆಫ್ರೀಸ್ ಎಂಬ ವಿಜ್ಞಾನಿ ತಾನು ಹಿಂದಿನ ವರ್ಷವಷ್ಟೇ ಕಂಡುಹಿಡಿದಿದ್ದ ಡಿಎನ್‌ಎ ಪರೀಕ್ಷೆಯಿಂದ ತಾಯಿಮಕ್ಕಳ ಸಂಬಂಧವನ್ನು ಸಿದ್ಧಪಡಿಸಿದನು. ಕೊಲೆಗಾರರನ್ನು ಹಿಡಿಯುವ ಸಾಧನವೆಂದು ನಾವು ತಿಳಿದಿರುವ ಈ ಪರೀಕ್ಷೆ ಮೊದಲು ಬಳಕೆಯಾದುದು ಮಗನನ್ನು ತಾಯಿಯ ಬಳಿ ಉಳಿಸುವುದಕ್ಕಾಗಿ. ವಿಜ್ಞಾನಕ್ಕೆ ಇದಕ್ಕಿಂತ ಗೌರವದ ಆರಂಭ ಬೇಕೆ?

ಈಗ ನಮ್ಮ ಹಳ್ಳಿಯ ಕಡೆಗೆ ಬರೋಣ. ಕುಟುಂಬ ವೀಸಾಕ್ಕೆ ಅರ್ಜಿ ಹಾಕುವವರು ಮೊದಲು ತೋರಿಸಬೇಕಾದುದು ತಾವು ಕುಟುಂಬವೆಂಬುದನ್ನು. ನಮ್ಮಲ್ಲಿ ಲಗ್ನಕ್ಕೆ ಸಾಕ್ಷಿ ಅಕ್ಷತೆ ಹಾಕಿದ ಊರ ಜನ. ಆದರೆ ದೂತಾವಾಸ ಬೇಡುವುದು ಮುದ್ರೆ ಬಿದ್ದ ಕಾಗದವನ್ನು. ಕರ್ನಾಟಕದಲ್ಲಿ ವಿವಾಹ ನೋಂದಣಿಯ ಕಾಯ್ದೆ 1976ರಲ್ಲಿಯೇ ಆಗಿದೆ. ಎಲ್ಲ ವಿವಾಹಗಳ ನೋಂದಣಿಯನ್ನು ಕಡ್ಡಾಯ ಮಾಡಬೇಕೆಂದು ಭಾರತದ ಸರ್ವೋಚ್ಚ ನ್ಯಾಯಾಲಯ 2006ರಲ್ಲಿ ಆದೇಶಿಸಿದೆ. ಆದರೂ ನಮ್ಮ ಓಣಿಗಳಲ್ಲಿ ನೋಂದಣಿಯಾದ ಲಗ್ನಗಳನ್ನು ಬೆರಳಿನಿಂದ ಎಣಿಸಬಹುದು. ಇನ್ನು ಹೆಸರಿನ ಅವಾಂತರ. ಪಡಿತರ ಚೀಟಿಯಲ್ಲಿ ‘ಯಲ್ಲವ್ವ’ ಆದವಳು ಶಾಲೆಯ ದಾಖಲೆಯಲ್ಲಿ ‘ಯಲ್ಲಮ್ಮ’. ಆಧಾರದಲ್ಲಿ ತಂದೆಯ ಹೆಸರು, ಮತದಾರರ ಪಟ್ಟಿಯಲ್ಲಿ ಗಂಡನ ಹೆಸರು. ನಮ್ಮ ಬೇವೂರಿನ ಹೆಸರನ್ನೇ ಇಂಗ್ಲಿಷಿನಲ್ಲಿ ಒಬ್ಬರು ‘ಓ’ ಅಕ್ಷರವನ್ನು ಎರಡು ಸಲ ಹಾಕಿ ಬರೆಯುತ್ತಾರೆ, ಇನ್ನೊಬ್ಬರು ‘ಯು’ ಹಾಕಿ ಬರೆಯುತ್ತಾರೆ. ಊರಿನವರಿಗೆ ಇದು ನಗೆಯ ಮಾತು. ಸಾವಿರಾರು ಮೈಲಿ ದೂರದ ಮೇಜಿನ ಹಿಂದೆ ಕುಳಿತ ಅಧಿಕಾರಿಗೆ ಇವು ಎರಡು ಬೇರೆ ಊರು, ಇಬ್ಬರು ಬೇರೆ ಹೆಂಗಸರು. ಅರ್ಜಿ ತಿರಸ್ಕಾರವಾಗಲು ಇಷ್ಟು ಸಾಕು. ಕೆಲವು ದೇಶಗಳು ಇನ್ನೂ ಮುಂದೆ ಹೋಗಿ, ದಂಪತಿಗಳು ಕೂಡಿ ತೆಗೆಸಿಕೊಂಡ ಭಾವಚಿತ್ರ, ಒಬ್ಬರಿಗೊಬ್ಬರು ಬರೆದ ಪತ್ರ, ಮಾಡಿದ ಫೋನುಗಳ ವಿವರ ಇವನ್ನೆಲ್ಲ ಕೇಳುತ್ತವೆ. ಹಿರಿಯರ ಮುಂದೆ ಗಂಡನ ಹೆಸರನ್ನೂ ಹೇಳದ ನಮ್ಮ ಅವ್ವಂದಿರು ಇಂಥ ಪ್ರಮಾಣಗಳನ್ನು ಎಲ್ಲಿಂದ ತಂದಾರು?

ಕುಟುಂಬವೆಂದರೆ ಯಾರು ಎಂಬುದು ಇನ್ನೊಂದು ಪ್ರಶ್ನೆ. ಬಹುತೇಕ ದೇಶಗಳ ಕಾನೂನಿನಲ್ಲಿ ಕುಟುಂಬವೆಂದರೆ ಗಂಡ, ಹೆಂಡತಿ ಮತ್ತು ಅಪ್ರಾಪ್ತ ಮಕ್ಕಳು. ತಂದೆತಾಯಿಗಳು ಹೊಸ್ತಿಲ ಹೊರಗೆ. ಆಸ್ಟ್ರೇಲಿಯದಲ್ಲಿ ತಂದೆತಾಯಿಗಳನ್ನು ಕರೆಸಿಕೊಳ್ಳುವ ಸಾಮಾನ್ಯ ವೀಸಾಕ್ಕೆ ಮೂವತ್ತು ವರ್ಷ ಕಾಯಬೇಕಾದೀತೆಂದು ಅಲ್ಲಿಯ ಸರ್ಕಾರವೇ ಹೇಳುತ್ತದೆ. ಅರವತ್ತರ ತಾಯಿಗೆ ತೊಂಬತ್ತರಲ್ಲಿ ಕರೆ! ದೊಡ್ಡ ಮೊತ್ತವನ್ನು ಕೊಡಬಲ್ಲವರಿಗೆ ಬೇರೆ ಸಾಲು ಇದೆ. ಕೆನಡ 2011ರಲ್ಲಿ ತಂದೆತಾಯಿ, ಅಜ್ಜ ಅಜ್ಜಿಯರಿಗೆಂದು ಒಂದು ದೀರ್ಘಾವಧಿಯ ವೀಸಾ ಆರಂಭಿಸಿ, 2022ರಿಂದ ಒಂದೇ ಸಲಕ್ಕೆ ಐದು ವರ್ಷ ಇರಬಹುದೆಂದು ಮಾಡಿತು. ಇದು ಮೆಚ್ಚತಕ್ಕ ಮಾತು. ಆದರೆ ಅದಕ್ಕೂ ಮಕ್ಕಳ ವರಮಾನದ ಲೆಕ್ಕ, ಆರೋಗ್ಯ ವಿಮೆಯ ಖರ್ಚು ಇದ್ದೇ ಇವೆ. ಅಮೆರಿಕದ 1965ರ ಕಾಯ್ದೆ ಜನಾಂಗದ ಲೆಕ್ಕವನ್ನು ತೆಗೆದುಹಾಕಿ ಬಂಧುತ್ವಕ್ಕೆ ಬೆಲೆ ಕೊಟ್ಟಿತು. ಒಡಹುಟ್ಟಿದವರನ್ನು ಕರೆಸಿಕೊಳ್ಳಲೂ ಅದರಲ್ಲಿ ಅವಕಾಶವಿದೆ. ಆದರೆ ಒಂದೊಂದು ದೇಶಕ್ಕೆ ಇಷ್ಟೇ ಪಾಲು ಎಂಬ ಮಿತಿಯಿಂದಾಗಿ ಭಾರತದ ಅಣ್ಣತಮ್ಮಂದಿರು, ಅಕ್ಕತಂಗಿಯರು ಹದಿನೈದು ವರ್ಷಕ್ಕೂ ಮೀರಿ ಕಾಯುತ್ತಾರೆ. ಅಷ್ಟೇ ಅಲ್ಲ. ಅಲ್ಲಿ ನೌಕರಿಯಲ್ಲಿರುವ ನಮ್ಮ ಕನ್ನಡಿಗರ ಮಕ್ಕಳು, ಕಂಕುಳಲ್ಲಿ ಹೋದವರು, ಅಲ್ಲಿಯೇ ಓದಿ ಬೆಳೆದವರು, ತಂದೆಗೆ ಕಾಯಂ ವಾಸದ ಅನುಮತಿ ಸಿಗುವ ಮೊದಲೇ ಇಪ್ಪತ್ತೊಂದು ತುಂಬಿದರೆ, ಕಾನೂನಿನ ದೃಷ್ಟಿಯಲ್ಲಿ ಮಕ್ಕಳೇ ಅಲ್ಲವೆನಿಸುತ್ತಾರೆ. ಹುಟ್ಟುಹಬ್ಬ ಬಂದರೆ ಹೆತ್ತವರ ಎದೆ ನಡುಗುವ ಸ್ಥಿತಿ ಅದು. ಸಾವ್ಕಾರರಿಗೂ ಈ ಕಾನೂನು ಪೂರ್ತಿ ದಯೆ ತೋರಿಲ್ಲವೆಂದು ನಮ್ಮ ಓಣಿಯ ಅಕ್ಕನಿಗೆ ಹೇಳಬೇಕಾಗಿದೆ.

ಅರ್ಜಿಗಳಲ್ಲಿ ಬರುವ ಒಂದು ಶಬ್ದದ ಬಗೆಗೂ ನನ್ನ ಆಕ್ಷೇಪವಿದೆ. ಹೆಂಡತಿಯನ್ನು ಅಲ್ಲಿ ‘ಅವಲಂಬಿತೆ’ ಎಂದು ಬರೆಯುತ್ತಾರೆ. ಗಂಡ ಪರದೇಶದಲ್ಲಿದ್ದಾಗ ಹೊಲ ನೋಡಿದವಳು, ಅತ್ತೆಮಾವಂದಿರ ಔಷಧೋಪಚಾರ ಮಾಡಿದವಳು, ಸಂಘದ ಸಾಲ ತೀರಿಸಿದವಳು, ಮಕ್ಕಳನ್ನು ಶಾಲೆಗೆ ಹಚ್ಚಿದವಳು ಆಕೆ. ಯಾರು ಯಾರನ್ನು ಅವಲಂಬಿಸಿದ್ದಾರೆ? ಇದು ಬರಿಯ ಶಬ್ದದ ಜಗಳವಲ್ಲ. ಅವಲಂಬಿತೆಯ ವೀಸಾ ಗಂಡನ ವೀಸಾದ ಬೆನ್ನಿಗೆ ಕಟ್ಟಿದ್ದು. ಆತನ ಕೆಲಸ ಹೋದರೆ ಈಕೆಯ ಇರವೂ ಹೋಯಿತು. ಆತ ಹಿಂಸೆ ಕೊಟ್ಟರೆ ಬಿಟ್ಟು ಹೋಗಲು ಅಂಜಿಕೆ. ಅಮೆರಿಕದಲ್ಲಿ ಇಂಜಿನಿಯರಿಂಗ್, ವೈದ್ಯಕೀಯ ಓದಿದ ಹೆಣ್ಣುಮಕ್ಕಳು ಕೂಡ ಗಂಡನ ವೀಸಾದ ಮೇಲೆ ಹೋಗಿ ವರ್ಷಗಟ್ಟಲೆ ಕೈಕಟ್ಟಿ ಕುಳಿತುಕೊಳ್ಳಬೇಕಾಗಿತ್ತು. 2015ರಲ್ಲಿ ಅವರಲ್ಲಿ ಕೆಲವರಿಗೆ ಮಾತ್ರ ಕೆಲಸ ಮಾಡುವ ಅನುಮತಿ ಸಿಕ್ಕಿತು. ಕೂಡಿ ಬಾಳುವ ಹಕ್ಕು ಎಂದಾಗ ಅದು ಗಂಡನಿಗೆ ಹೆಂಡತಿಯನ್ನು ತರಿಸಿಕೊಳ್ಳುವ ಹಕ್ಕು ಮಾತ್ರವಾಗದೆ, ಆಕೆಯದೂ ಸ್ವತಂತ್ರವಾದ ಹಕ್ಕಾಗಬೇಕು.

ಇಲ್ಲಿ ಒಂದು ಆಕ್ಷೇಪಣೆ ಬರುವುದು ಸಹಜ. ಯಾರನ್ನು ಒಳಗೆ ಬಿಡಬೇಕೆಂಬುದು ಆಯಾ ದೇಶದ ಅಧಿಕಾರವಲ್ಲವೆ? ಕುವೈತಿನಲ್ಲಿ ಹೊರದೇಶದವರೇ ಸ್ವದೇಶೀಯರ ಎರಡರಷ್ಟಿಗೂ ಮಿಕ್ಕಿದ್ದಾರೆ. ಎಮಿರೇಟ್ಸಿನಲ್ಲಿ ಹತ್ತರಲ್ಲಿ ಒಂಬತ್ತರ ಸಮೀಪ. ಅಷ್ಟು ಸಂಸಾರಗಳಿಗೆ ಮನೆ, ಶಾಲೆ, ಆಸ್ಪತ್ರೆ ಒದಗಿಸುವುದು ಸುಲಭವೆ? ಈ ವಾದದಲ್ಲಿ ಹುರುಳಿದೆಯೆಂಬುದನ್ನು ನಾನು ಒಪ್ಪುತ್ತೇನೆ. ಎರಡು ತಿಂಗಳ ಹಿಂದೆ ಬಂದವನು ಇಡೀ ಮನೆತನವನ್ನು ತರುತ್ತೇನೆಂದರೆ ಯಾವ ದೇಶವಾದರೂ ಯೋಚಿಸಬೇಕಾಗುತ್ತದೆ. ಆದರೆ ನನ್ನ ಪ್ರಶ್ನೆ ಬೇರೆ. ಒಬ್ಬನ ದುಡಿಮೆ ಹತ್ತು ಹದಿನೈದು ವರ್ಷ ಆ ದೇಶಕ್ಕೆ ಬೇಕಾಗುತ್ತದೆ, ಆದರೆ ಅವನ ಸಂಸಾರ ಒಂದು ದಿನಕ್ಕೂ ಬೇಡವಾಗುತ್ತದೆ. ಸಂಸಾರ ಸಾಕುವಷ್ಟು ಸಂಬಳ ನಿನಗಿಲ್ಲ, ಆದುದರಿಂದ ಸಂಸಾರ ತರಬೇಡ, ಎಂದು ಅವನಿಗೆ ಹೇಳುತ್ತಾರೆ. ಆ ಸಂಬಳವನ್ನು ಗೊತ್ತುಮಾಡಿದವರು ಯಾರು? ಅವನೇ? ಕಡಿಮೆ ಕೂಲಿ ಕೊಡುವುದು ಒಂದು ಕೈ, ಕೂಲಿ ಕಡಿಮೆಯೆಂದು ಬಾಗಿಲು ಹಾಕುವುದು ಇನ್ನೊಂದು ಕೈ. ಎರಡೂ ಒಂದೇ ಮೈಯ ಕೈಗಳು.

ಬಾಗಿಲು ಹಾಕುವುದರಿಂದ ಉದ್ದೇಶ ಸಾಧಿಸುವುದೆಂಬುದೂ ನಿಜವಲ್ಲ. ಪಶ್ಚಿಮ ಜರ್ಮನಿ ತುರ್ಕಿ ಮೊದಲಾದ ದೇಶಗಳಿಂದ ಕೆಲಸಗಾರರನ್ನು ‘ಅತಿಥಿ’ಗಳೆಂದು ಕರೆಸಿಕೊಂಡು, 1973ರಲ್ಲಿ ಒಮ್ಮೆಲೆ ನೇಮಕವನ್ನು ನಿಲ್ಲಿಸಿತು. ಊರಿಗೆ ಹೋದರೆ ಮತ್ತೆ ಬರಲಾಗದೆಂದು ಅಂಜಿದ ಆ ಕೆಲಸಗಾರರು ಹೋಗುವ ಬದಲು ಹೆಂಡತಿ ಮಕ್ಕಳನ್ನೇ ಕರೆಸಿಕೊಂಡು ನೆಲೆಯೂರಿದರು. ಮನುಷ್ಯನನ್ನು ಬರಿಯ ಕೈಗಳೆಂದು ತಿಳಿದು ಮಾಡಿದ ಕಾನೂನು ಎಲ್ಲಿಯೋ ಒಂದು ಕಡೆ ಮುರಿದು ಬೀಳುತ್ತದೆ.

ಜಗತ್ತಿನ ರಾಷ್ಟ್ರಗಳು ಇದನ್ನು ಅರಿಯದವುಗಳಲ್ಲ. 1948ರ ಮಾನವ ಹಕ್ಕುಗಳ ಘೋಷಣೆಯ ಹದಿನಾರನೆಯ ವಿಧಿ ಕುಟುಂಬವನ್ನು ಸಮಾಜದ ಸಹಜವಾದ ಮೂಲ ಘಟಕವೆಂದು ಕರೆದು, ಅದಕ್ಕೆ ಸಮಾಜದ ಮತ್ತು ರಾಜ್ಯದ ರಕ್ಷಣೆ ಸಲ್ಲಬೇಕೆಂದಿದೆ. ವಲಸೆ ಕೆಲಸಗಾರರು ಮತ್ತು ಅವರ ಕುಟುಂಬದವರ ಹಕ್ಕುಗಳನ್ನು ಕುರಿತು ವಿಶ್ವಸಂಸ್ಥೆ 1990ರಲ್ಲಿ ಒಂದು ಒಡಂಬಡಿಕೆಯನ್ನೇ ಸಿದ್ಧಪಡಿಸಿತು. ಅದು 2003ರಲ್ಲಿ ಜಾರಿಗೆ ಬಂತು. ಕೆಲಸಗಾರರನ್ನು ಕರೆಸಿಕೊಳ್ಳುವ ಕೊಲ್ಲಿಯ ದೇಶಗಳಾಗಲಿ, ಅಮೆರಿಕವಾಗಲಿ, ಬ್ರಿಟನ್ ಆಗಲಿ ಅದಕ್ಕೆ ಒಪ್ಪಿಗೆ ಹಾಕಿಲ್ಲ. ಕೆಲಸಗಾರರನ್ನು ಕಳಿಸುವ ನಮ್ಮ ಭಾರತವೂ ಹಾಕಿಲ್ಲ! ತನ್ನ ಮಕ್ಕಳ ಪರವಾಗಿ ಕೇಳಬೇಕಾದವರೇ ಕಾಗದದಿಂದ ದೂರ ನಿಂತರೆ, ಕೊಡುವವರಿಗೆ ಅವಸರವೇನಿದೆ?

ಪರರನ್ನು ದೂರುವಾಗ ನಮ್ಮ ಬೆನ್ನನ್ನೂ ನೋಡಿಕೊಳ್ಳಬೇಕು. ನಾವೂ ವೀಸಾ ಕೊಡುವವರೇ. 2025ರ ಏಪ್ರಿಲ್‌ನಲ್ಲಿ ಪಹಲ್ಗಾಮಿನ ಘೋರ ಹತ್ಯೆಯಾದ ಮೇಲೆ ನಮ್ಮ ಸರ್ಕಾರ, ಕೆಲವು ಬಗೆಯ ದೀರ್ಘಾವಧಿ ವೀಸಾಗಳನ್ನು ಬಿಟ್ಟು, ಪಾಕಿಸ್ತಾನೀಯರ ವೀಸಾಗಳನ್ನು ರದ್ದುಮಾಡಿತು. ದೇಶದ ರಕ್ಷಣೆ ಸರ್ಕಾರದ ಮೊದಲ ಧರ್ಮ. ಅದರ ಬಗೆಗೆ ನನ್ನ ತಕರಾರಿಲ್ಲ. ಆದರೆ ಅಟ್ಟಾರಿ ಗಡಿಯಲ್ಲಿ ತಾಯಿಯ ರಹದಾರಿ ಒಂದು ದೇಶದ್ದು, ಮಕ್ಕಳದು ಇನ್ನೊಂದು ದೇಶದ್ದಾಗಿ, ಗೇಟಿನ ಬಳಿ ಬೇರೆಯಾಗಬೇಕಾಗಿ ಬಂದವರ ಸುದ್ದಿಯನ್ನು ನಾವೆಲ್ಲ ಓದಿದೆವು. ಅಪರಾಧಿಯನ್ನೂ ಕೂಸನ್ನೂ ಬೇರೆ ಮಾಡಿ ನೋಡುವ ಕಣ್ಣು ಕಾನೂನಿಗೆ ಇರಬೇಕೆಂಬುದಷ್ಟೇ ನನ್ನ ಅರಿಕೆ.

ಇನ್ನು ನಮ್ಮ ಗುಳೆಯ ಜನ. ಅವರಿಗೆ ವೀಸಾ ಬೇಕಿಲ್ಲ; ಆದರೆ ಅವರ ಸಂಸಾರಕ್ಕೆ ಹೋದ ಊರಿನಲ್ಲಿ ಜಾಗವಿದೆಯೆ? 1979ರ ಅಂತರರಾಜ್ಯ ವಲಸೆ ಕೆಲಸಗಾರರ ಕಾಯ್ದೆ ಗುತ್ತಿಗೆದಾರನ ಮೂಲಕ ಗೋವೆಗೆ ಹೋದವನನ್ನು ವಲಸೆಗಾರನೆಂದು ಗುರುತಿಸಿತು. ಬೆಂಗಳೂರಿಗೆ ಹೋದವನನ್ನು ಗುರುತಿಸಲಿಲ್ಲ, ಏಕೆಂದರೆ ಅವನು ರಾಜ್ಯದ ಗಡಿ ದಾಟಿಲ್ಲ. 1996ರ ಕಟ್ಟಡ ಕಾರ್ಮಿಕರ ಕಾಯ್ದೆ ಐವತ್ತಕ್ಕಿಂತ ಹೆಚ್ಚು ಹೆಂಗಸರು ದುಡಿಯುವಲ್ಲಿ ಶಿಶುವಿಹಾರ ಇರಬೇಕೆಂದಿತ್ತು. ಕಟ್ಟಡದ ಮರಳು ರಾಶಿಯ ಮೇಲೆ ಕೂಸು ಆಡುವುದನ್ನು ಕಂಡವರಿಗೆ ಆ ಕಾಯ್ದೆ ಎಷ್ಟು ನಡೆಯಿತೆಂದು ಹೇಳಬೇಕಾಗಿಲ್ಲ. 2020ರ ಮೇ ತಿಂಗಳಲ್ಲಿ, ಲಾಕ್‌ಡೌನಿನ ಸಂಕಟದಲ್ಲಿ, ಹೊರರಾಜ್ಯದ ಕೆಲಸಗಾರರು ತಮ್ಮ ಸಂಸಾರ ಸೇರಲು ಹಾತೊರೆಯುತ್ತಿದ್ದಾಗ, ನಮ್ಮದೇ ರಾಜ್ಯದಲ್ಲಿ ಅವರ ರೈಲುಗಳನ್ನು ರದ್ದುಪಡಿಸಿ, ಜನರ ಆಕ್ರೋಶದ ಬಳಿಕ ಮತ್ತೆ ಬಿಟ್ಟರು. ಕುವೈತಿನ ನಿಯಮವನ್ನು ಕಠೋರವೆನ್ನುವ ನಾವು ಇದನ್ನು ಏನೆನ್ನಬೇಕು?

ನಮ್ಮ ಹಿರಿಯರಲ್ಲಿ ಕೆಲವರು, “ಹೆಂಗಸರು ಅಲ್ಲಿಗೆ ಹೋಗಿ ಮಾಡುವುದೇನು? ಹಣ ಬರುತ್ತದಲ್ಲ, ಮನೆ ಏಳುತ್ತದಲ್ಲ” ಎನ್ನುತ್ತಾರೆ. ಮನೆ ಏಳುವುದು ನಿಜ. ಆದರೆ ಫೋನಿನ ಪರದೆಯ ಮೇಲೆ ಮಾತ್ರ ತಂದೆಯನ್ನು ಕಂಡ ಕೂಸು, ರಜೆಗೆ ಬಂದ ಅವನನ್ನು ನೋಡಿ ಅಪರಿಚಿತನೆಂದು ಅಳುವಾಗ ಆ ಹೊಸ ಮನೆಯ ಗೋಡೆ ಸಮಾಧಾನ ಹೇಳಲಾರದು. ಎಲ್ಲ ಹೆಂಗಸರೂ ಹೋಗಲೇಬೇಕೆಂದು ನಾನು ಹೇಳುವುದಿಲ್ಲ. ಊರು, ಹೊಲ, ಮುಪ್ಪಿನ ಅತ್ತೆಮಾವಂದಿರನ್ನು ಬಿಡಲಾ ರದವರು ಅನೇಕರಿದ್ದಾರೆ. ಹೋಗುವುದೋ ಇರುವುದೋ ಅವರೇ ಆಯ್ದುಕೊಳ್ಳಲಿ. ಸಂಬಳದ ಚೀಟಿ ಆಯ್ದುಕೊಳ್ಳುವುದು ಬೇಡ.

ಕುವೈತಿನ ನಿಯಮವನ್ನು ಬದಲಿಸುವ ಶಕ್ತಿ ನಮ್ಮ ಕಾಲೇಜಿಗಿಲ್ಲ. ಆದರೆ ನಮ್ಮ ಕೈಯಲ್ಲಿರುವ ಕೆಲಸವೂ ಸಣ್ಣದಲ್ಲ. 1983ರ ವಲಸೆ ಕಾಯ್ದೆಯ ವ್ಯವಸ್ಥೆಯಲ್ಲಿ ಹತ್ತನೆಯ ತರಗತಿ ಪಾಸಾಗದವರ ರಹದಾರಿಗೆ ಬೇರೆ ಗುರುತು ಬೀಳುತ್ತದೆ. ಕೊಲ್ಲಿಯಂಥ ಕೆಲವು ದೇಶಗಳಿಗೆ ದುಡಿಯಲು ಹೋಗಬೇಕಾದರೆ ಅವರು ವಲಸೆ ಅಧಿಕಾರಿಯ ಅನುಮತಿ ಪಡೆಯಬೇಕು. ಅವರ ರಕ್ಷಣೆಗೆಂದೇ ಮಾಡಿದ ನಿಯಮ ಇದು. ಆದರೆ ಅದನ್ನು ತಿಳಿಯದೆ ದಲ್ಲಾಳಿಗಳ ಕೈಗೆ ಬೀಳುವವರು ಅವರೇ. ನಮ್ಮ ರಾಷ್ಟ್ರೀಯ ಸೇವಾ ಯೋಜನೆಯ ಶಿಬಿರಗಳಲ್ಲಿ ಪ್ರತಿವರ್ಷ ಊರ ಬೀದಿ ಗುಡಿಸುತ್ತೇವೆ, ಒಳ್ಳೆಯದು. ಅದರ ಜೊತೆಗೆ ಎರಡು ದಿನ ಮೇಜು ಹಾಕಿ ಕುಳಿತು, ಊರವರ ಲಗ್ನ ನೋಂದಣಿಯ ಅರ್ಜಿ, ಮಕ್ಕಳ ಜನನ ಪ್ರಮಾಣಪತ್ರ, ಹೆಸರಿನ ತಿದ್ದುಪಡಿ ಇವುಗಳನ್ನು ತುಂಬಿ ಕೊಡಬಾರದೇಕೆ? ಹಿಂದೂ ವಿವಾಹಗಳ ನೋಂದಣಿಯನ್ನು 2024ರಿಂದ ಕಾವೇರಿ ತಂತ್ರಾಂಶದ ಮೂಲಕ ಮನೆಯಿಂದಲೇ ಮಾಡುವ ಅನುಕೂಲವಾಗಿದೆ. 2023ರ ಅಕ್ಟೋಬರ್ ಒಂದರಿಂದ ಈಚೆಗೆ ಹುಟ್ಟಿದ ಮಕ್ಕಳಿಗೆ ರಹದಾರಿ ಬೇಕಾದರೆ ಜನ್ಮದಿನಾಂಕಕ್ಕೆ ಜನನ ಪ್ರಮಾಣಪತ್ರವೊಂದೇ ಆಧಾರ. ಇಂಥ ಸಂಗತಿಗಳು ಪೇಟೆಯವರಿಗೆ ಗೊತ್ತು, ಹಳ್ಳಿಯವರಿಗೆ ತಲುಪಿಲ್ಲ. ಗುರುಗಳು ಮಾರ್ಗದರ್ಶನ ಮಾಡಿದರೆ ನಾವು ಇದನ್ನು ಈ ವರ್ಷವೇ ಆರಂಭಿಸಬಹುದು. ಬಿ.ಎ. ಓದಿ ಏನು ಬಂತು ಎಂದು ಕೇಳುವವರಿಗೆ ಇದೊಂದು ಉತ್ತರವೂ ಆದೀತು.

ಕಾಗದ ಸರಿಯಾದ ಮಾತ್ರಕ್ಕೆ ನ್ಯಾಯ ದೊರೆಯಿತೆಂದು ನಾನು ಭ್ರಮಿಸುವುದಿಲ್ಲ. ಕಾಗದ ಸರಿಯಿದ್ದರೂ ಸಂಬಳ ಸಾಲದೆ ಹೊರಗುಳಿಯುವವರು ಇದ್ದೇ ಇರುತ್ತಾರೆ. ಅವರ ಪರವಾಗಿ ಮಾತನಾಡಬೇಕಾದುದು ನಮ್ಮ ಸರ್ಕಾರ. ಸರ್ಕಾರ ಮಾತನಾಡುವಂತೆ ಕೇಳಬೇಕಾದವರು ನಾವು. ಬೇರೆ ದೇಶಗಳೊಡನೆ ಕೆಲಸಗಾರರ ಬಗೆಗೆ ಒಪ್ಪಂದ ಮಾಡಿಕೊಳ್ಳುವಾಗ, ಇಂತಿಷ್ಟು ವರ್ಷ ಸೇವೆ ಮಾಡಿದವನು ಸಂಬಳ ಎಷ್ಟೇ ಇರಲಿ ತನ್ನವರೊಡನೆ ಬಾಳಬಹುದೆಂಬ ಒಂದು ಮಾತನ್ನು ಅದರಲ್ಲಿ ಬರೆಸಲು ಭಾರತ ಯತ್ನಿಸಬೇಕು. 1913ರಲ್ಲಿ ನಮಗೆ ಸ್ವಂತ ಸರ್ಕಾರವೇ ಇರಲಿಲ್ಲ. ಆದರೂ ಕೇಳಿದೆವು, ಪಡೆದೆವು. ಇಂದು ಸರ್ಕಾರವಿದೆ, ಮತವಿದೆ, ಅಕ್ಷರ ಕಲಿತ ಒಂದು ತಲೆಮಾರು ನಮ್ಮ ಯಲಬುರ್ಗಾದಂಥ ತಾಲ್ಲೂಕಿನಲ್ಲಿಯೂ ಎದ್ದು ನಿಂತಿದೆ. ಕೇಳುವುದಕ್ಕೆ ಇನ್ನೇನು ಬೇಕು?